ಕನ್ನಪ್ಪ ನನಗಿಟ್ಟ ಹೆಸರು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಗಟ್ಟಿಗಿತ್ತಿ ಅಂತ ಹೊಗಳುವುದು ಬೇಡ. ಮಿಕ್ಸಿ ಹಾಕುವಾಗಲೂ ದೂರ ನಿಂತು, ಕೈ ಚಾಚಿ, ಮುಖ ಆಚೆ ತಿರುಗಿಸಿ ಸ್ವಿಚ್ಚು ಒತ್ತುವವಳು ನಾನು. ಹಲ್ಲಿ ಬಿದ್ದರೆ ಊರಿಗೆ ಕೇಳುವಂತೆ ಕಿರುಚುತ್ತೇನೆ. ಬಾಯಿ ಮಾತ್ರ ಜೋರು. ಹೆದರಿಕೆ ಹೆಚ್ಚಾದಷ್ಟೂ ಅದು ಇನ್ನೂ ಜೋರಾಗುತ್ತದೆ, ನನ್ನ ಗಂಡನನ್ನು ಬೇಕಾದರೆ ಕೇಳಿ.

ಇಂಥವಳಿಗೆ ದೇವರು ಕೊಟ್ಟಿದ್ದು ಅಕ್ಕಿ ಮಿಲ್ಲಿನ ಕೆಲಸ. ಆನಂದಪುರದ ಹೊರಗೆ, ಸಾಗರದ ರಸ್ತೆಗೆ ಅಂಟಿಕೊಂಡಂತೆ ಮಂಜುನಾಥಪ್ಪನವರ ಮಿಲ್ಲು ಇದೆ. ರೈತರು ತಂದ ಭತ್ತ ತೂಗಿ ಚೀಟಿ ಕೊಡುವುದು ನನ್ನ ಕೆಲಸ. ನಾನು ಕೂರುವ ಕಿಟಕಿಯಿಂದ ನೋಡಿದರೆ ಎದುರಿಗೇ ಭತ್ತ ಸುರಿಯುವ ಗುಂಡಿ. ಕನ್ನಪ್ಪ ಮಿಲ್ಲಿಗೆ ಕೆಲಸಕ್ಕೆ ಬಂದ ದಿನ ಆ ಗುಂಡಿ ನೋಡಿದೆ, ಅವನನ್ನು ನೋಡಿದೆ. ಇವನು ಒಂದು ದಿನ ಇದರೊಳಗೇ ಸಾಯುತ್ತಾನೆ ಅಂತ ಅನ್ನಿಸಿತು.

ಯಾಕೆ ಅಂತ ಹೇಳುತ್ತೇನೆ. ಭತ್ತವನ್ನು ಮೊದಲು ಸುರಿಯುವುದು ನೆಲದಲ್ಲಿರುವ ಕಬ್ಬಿಣದ ಜಾಲರಿಯ ಮೇಲೆ. ಅದರ ಕೆಳಗೆ ಆಳು ಎತ್ತರದ ಗುಂಡಿ. ಗುಂಡಿಯ ತಳದಿಂದ ಒಂದು ಬೆಲ್ಟು, ಅದಕ್ಕೆ ಸಾಲಾಗಿ ಬಡಿದ ಕಬ್ಬಿಣದ ಬಟ್ಟಲುಗಳು, ಭತ್ತವನ್ನು ಮೊಗೆದು ಮೇಲೆ ಮೆಷಿನ್ನಿಗೆ ಹೊತ್ತೊಯ್ಯುತ್ತವೆ. ಎಲಿವೇಟರ್ ಅನ್ನುತ್ತಾರೆ. ಭತ್ತದ ಜೊತೆ ಹುಲ್ಲು, ಗೋಣಿಯ ದಾರ ಎಲ್ಲಾ ಬಂದು ತಳದಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೆಷಿನ್ ನಿಲ್ಲಿಸಿ, ಒಬ್ಬ ಹಿಂದಿನ ಮೆಟ್ಟಿಲಿಂದ ಕೆಳಗಿಳಿದು, ಕುಕ್ಕರಗಾಲಲ್ಲಿ ಕೂತು, ಬಟ್ಟಲುಗಳ ನಡುವೆ ಭುಜದವರೆಗೂ ಕೈ ಹಾಕಿ ಅದನ್ನೆಲ್ಲ ಎಳೆದು ತೆಗೆಯಬೇಕು. ಆ ಹೊತ್ತಿನಲ್ಲಿ ಬೆಲ್ಟು ತಿರುಗಿದರೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ಇದಕ್ಕೆ ಮಿಲ್ಲಿನಲ್ಲಿ ಇದ್ದ ರಕ್ಷಣೆ ಒಂದೇ ಒಂದು, ಕೂಗು. ಮೆಷಿನ್ ನೋಡಿಕೊಳ್ಳುವ ನಟರಾಜಣ್ಣ ಸ್ವಿಚ್ಚು ಹಾಕುವ ಮೊದಲು "ಬಿಟ್ಟೇ!" ಅಂತ ಗಂಟಲು ಹರಿಯುವಂತೆ ಕೂಗುತ್ತಿದ್ದ. ಒಳಗೆ ಯಾರಾದರೂ ಇದ್ದರೆ "ಬ್ಯಾಡಾ!" ಅಂತ ತಿರುಗಿ ಕೂಗಬೇಕು. ಮಂಜುನಾಥಪ್ಪನವರ ಅಪ್ಪನ ಕಾಲದಿಂದ ಹೀಗೇ ನಡೆದುಕೊಂಡು ಬಂದಿತ್ತು. ಕನ್ನಪ್ಪನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ.

ಕನ್ನಪ್ಪ ಹಿನ್ನೀರಿನ ಆಚೆಯ ಬ್ಯಾಕೋಡಿನವನು. ಸಣಕಲು ಮೈ, ಗುಂಗುರು ಕೂದಲು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಧೂಳಿನ ಮಿಲ್ಲಿಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬರುವವನನ್ನು ನಾನು ಇವನೊಬ್ಬನನ್ನೇ ನೋಡಿದ್ದು. ವಾರವೆಲ್ಲ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಇರುತ್ತಿದ್ದ. ಶನಿವಾರ ಸಂಜೆ ಸಾಗರಕ್ಕೆ ಹೋಗಿ ಹಿನ್ನೀರಿನ ಸೇತುವೆ ಮೇಲೆ ಹೋಗುವ ಬಸ್ಸು ಹಿಡಿದು ಅವ್ವನ ಹತ್ತಿರ ಹೋಗುತ್ತಿದ್ದ. ತೀರ್ಥಹಳ್ಳಿಯಲ್ಲಿ ಕಿವಿ ಕೇಳದವರಿಗೆ ಕೈಭಾಷೆ, ಕೆಲಸ ಎರಡೂ ಕಲಿಸುವ ಒಂದು ಸಂಸ್ಥೆಯಿದೆ. ಅಲ್ಲಿಂದಲೇ ಅವನು ಬಂದದ್ದು. ಕೆಲಸದಲ್ಲಿ ಚುರುಕು, ತಂಟೆ ತಕರಾರಿಲ್ಲ ಅಂತ ಮಂಜುನಾಥಪ್ಪನವರಿಗೆ ಅವನ ಮೇಲೆ ಪ್ರೀತಿ.

ಜನರನ್ನು ಗಮನಿಸುವುದರಲ್ಲಿ ಅವನು ಭಾರಿ ಕಿಲಾಡಿ. ಬಂದ ವಾರದೊಳಗೆ ನಮಗೆಲ್ಲ ಕೈಭಾಷೆಯ ಹೆಸರಿಟ್ಟಿದ್ದ. ಬೆರಳಿನ ಉಂಗುರ ತಿರುಗಿಸಿದಂತೆ ಮಾಡಿದರೆ ಮಂಜುನಾಥಪ್ಪನವರು. ಮೀಸೆ ತೀಡಿದರೆ ನಟರಾಜಣ್ಣ. ಕೆನ್ನೆ ಒಳಗಿನಿಂದ ನಾಲಿಗೆಯಲ್ಲಿ ಉಬ್ಬಿಸಿದರೆ ಕೆರಿಯಕ್ಕ. ತೌಡು ಗುಡಿಸಿ ಚೀಲ ತುಂಬುವ ಕೆರಿಯಕ್ಕ ಅಂದರೆ ಬಾಯಲ್ಲಿ ಸದಾ ಎಲೆಯಡಿಕೆ. ನನ್ನ ಹೆಸರು ಮಾತ್ರ ಅವನು ನನ್ನೆದುರು ತೋರಿಸುತ್ತಿರಲಿಲ್ಲ. ಕೇಳಿದರೆ ನಕ್ಕು ಆಚೆ ತಿರುಗುತ್ತಿದ್ದ.

ನಟರಾಜಣ್ಣ ಕೆಟ್ಟವನಲ್ಲ, ಆದರೆ ಅವನ ತಮಾಷೆಗೆ ಬೆಂಕಿ ಬೀಳಲಿ. ಕನ್ನಪ್ಪ ಬಗ್ಗಿ ಏನಾದರೂ ಮಾಡುತ್ತಿದ್ದರೆ ಹಿಂದಿನಿಂದ ಬೆಕ್ಕಿನಂತೆ ಹೋಗಿ ಕಾಲರ್ ಹಿಡಿದು ಎಳೆಯುತ್ತಿದ್ದ. ಕನ್ನಪ್ಪ ಹೌಹಾರಿ "ಆಂ!" ಅಂತ ಎಗರುತ್ತಿದ್ದ. ಭತ್ತ ತಂದ ರೈತರೂ ಸೇರಿ ಎಲ್ಲರೂ ನಗುತ್ತಿದ್ದರು.

"ನಟರಾಜಣ್ಣ, ನಿಮಗೆ ಮಾಡೋಕೆ ಬೇರೆ ಕೆಲ್ಸ ಇಲ್ವಾ?" ಅಂತ ನಾನು ಕಿಟಕಿಯಿಂದಲೇ ಬೈದೆ.

"ಸುಮ್ನಿರೇ ಸುಷ್ಮಾ ಮಾರಾಯ್ತಿ. ಅವ್ನೂ ನಗ್ತಾನಲ್ಲ ನೋಡು."

ಕನ್ನಪ್ಪ ನಗುತ್ತಿದ್ದ, ಹೌದು. ಆದರೆ ಆಮೇಲೆ ಊಟಕ್ಕೆ ಕೂರುವಾಗ ನಮ್ಮ ಸಾಲಿಗೆ ಬರುವುದನ್ನು ಬಿಟ್ಟ. ಗೋಡೆಗೆ ಬೆನ್ನು ಕೊಟ್ಟು, ಒಬ್ಬನೇ, ಎಲ್ಲರೂ ಕಾಣುವ ಹಾಗೆ ಕೂತು ಉಣ್ಣುತ್ತಿದ್ದ. ತುತ್ತು ತುತ್ತಿಗೂ ಕಣ್ಣು ಎತ್ತುತ್ತಿದ್ದ. ಕೆರಿಯಕ್ಕ ಅದನ್ನು ಸೊಕ್ಕು ಅಂದುಕೊಂಡಳು. "ಮೂಗಂಗೆ ನಮ್ ಜೊತೆ ಕೂರಕ್ಕೂ ಆಗ್ದಂತೆ," ಅಂದಳು.

ಗದ್ದೆ ಕೊಯ್ಲು ಶುರುವಾಗುವ ಹೊತ್ತಿಗೆ ಆ ಸಂಸ್ಥೆಯಿಂದ ವಂದನಾ ಮೇಡಂ ಬಂದರು. ಜೊತೆಯಲ್ಲಿ ಕೆಲಸ ಮಾಡುವವರಿಗೆ ಒಂದು ದಿನದ ತರಬೇತಿ ಕೊಡಲೇಬೇಕು, ಅದು ಅವರ ನಿಯಮವಂತೆ. ತೀರ್ಥಹಳ್ಳಿಯಿಂದ ಹೊರಟು ಹೊಸನಗರದಲ್ಲಿ ಬಸ್ಸು ಬದಲಿಸಿ, ಮೈಯೆಲ್ಲ ಧೂಳು ಮಾಡಿಕೊಂಡು ಬಂದಿದ್ದರು. ಮಂಜುನಾಥಪ್ಪನವರು ಕಾಫಿ ಕೊಡಿಸಿ, "ಬೇಗ ಮುಗ್ಸಿ ಮೇಡಂ, ಭತ್ತದ ಗಾಡಿಗಳು ಕಾಯ್ತಾವೆ," ಅಂದರು.

ಭಾಷಣ ಮಾಡುತ್ತಾರೆ, ತೂಕಡಿಸಬಹುದು ಅಂತ ಕೂತಿದ್ದೆವು. ಅವರು ನಟರಾಜಣ್ಣನನ್ನೇ ಎಬ್ಬಿಸಿದರು. ಕಿವಿಗೆ ಹತ್ತಿ ತುರುಕಿ, ಮೇಲೆ ದಪ್ಪನೆಯ ಕಿವಿಮುಚ್ಚಿ ಹಾಕಿ, ಮೊರದಲ್ಲಿ ಅಕ್ಕಿ ಕೊಟ್ಟು, ನಮಗೆ ಬೆನ್ನು ಹಾಕಿ ಕೂರಿಸಿ, ಕಲ್ಲು ಆರಿಸಲು ಹೇಳಿದರು. ಕಿವಿ ಮುಚ್ಚುವ ಮೊದಲು ಒಂದು ಮಾತು ಹೇಳಿದ್ದರು. "ಇವರಲ್ಲಿ ಯಾರೋ ಒಬ್ಬರು ಹಿಂದಿನಿಂದ ಬಂದು ನಿಮ್ಮ ಕಾಲರ್ ಹಿಡಿದು ಎಳೀತಾರೆ. ಯಾರು, ಯಾವಾಗ ಅಂತ ಹೇಳಲ್ಲ."

ನಾವು ಯಾರೂ ಏಳಲೇ ಇಲ್ಲ. ನಟರಾಜಣ್ಣ ಒಂದೆರಡು ಕಲ್ಲು ಆರಿಸಿದ. ಕತ್ತು ತಿರುಗಿಸಿ ನೋಡಿದ. ಮತ್ತೆ ಬಗ್ಗಿದ, ಮತ್ತೆ ತಿರುಗಿದ. ಅವನ ಹೆಗಲು ಕಿವಿಯ ತನಕ ಏರಿತು, ಕತ್ತಿನ ಹಿಂದೆ ಬೆವರು ಇಳಿಯಿತು. ನೋಡುತ್ತ ಕೂತ ನಾನೂ ಒಮ್ಮೆ ಹಿಂದೆ ತಿರುಗಿ ನೋಡಿದೆ. ಕೊನೆಗೆ ಅವನು ಮೊರ ಕೆಳಗಿಟ್ಟು, ಕಿವಿಮುಚ್ಚಿ ಕಿತ್ತು, "ಸಾಕು ಮೇಡಂ," ಅಂದ. ಗೋಡೆಗೆ ಬೆನ್ನು ಕೊಟ್ಟು ಕೂತ ಕನ್ನಪ್ಪನ ಕಡೆ ಎಲ್ಲರ ಕಣ್ಣೂ ಹೋಯಿತು. ಅವನು ನೆಲ ನೋಡುತ್ತಿದ್ದ.

"ಮೂಗ ಅಲ್ಲ, ಅವರಿಗೊಂದು ಹೆಸರಿದೆ," ಅಂತ ಶುರುಮಾಡಿ ಮೇಡಂ ಹೇಳಿದ್ದು ಇಷ್ಟು. ಕರೆಯಬೇಕಾದರೆ ಅವನ ಕಣ್ಣಿಗೆ ಬೀಳಿ. ಆಗದಿದ್ದರೆ ಬೆಳಕಿಗೆ ಅಡ್ಡ ಬನ್ನಿ, ನೆರಳು ಬಿದ್ದರೂ ಸಾಕು, ಅವನಿಗೆ ತಿಳಿಯುತ್ತದೆ. ಅದೂ ಆಗದಿದ್ದರೆ ಭುಜ ಮುಟ್ಟಿ. "ಆದರೆ ತಮಾಷೆಗೆ ಮಾತ್ರ ಎಂದೂ ಮುಟ್ಟಬೇಡಿ," ಅಂದರು. "ತಮಾಷೆಗೆ ಮುಟ್ಟಿ ಮುಟ್ಟಿ ಅಭ್ಯಾಸ ಮಾಡಿದ್ರೆ, ನಿಜವಾಗ್ಲೂ ಅಪಾಯ ಬಂದ ದಿನ ಮುಟ್ಟಿದ್ರೂ ಅವರು ತಮಾಷೆ ಅಂದ್ಕೋತಾರೆ."

ಒಬ್ಬೊಬ್ಬರಾಗಿ ಹೋಗಿ ಕನ್ನಪ್ಪನ ಭುಜ ಮುಟ್ಟಿ ಕರೆಯಬೇಕು ಅಂದಾಗ ಕೆರಿಯಕ್ಕ ಸೆರಗು ಸುತ್ತಿಕೊಂಡು ಹಿಂದೆ ಸರಿದಳು. "ಅಯ್ಯ! ಗಂಡಸ್ರನ್ನ ನಾ ಎಂತಕ್ಕೆ ಮುಟ್ಲಿ? ಊರವ್ರು ಎಂತ ಅಂತಾರೆ?" ಎಲ್ಲರೂ ನಕ್ಕರು. ನಾನೂ ಮುಟ್ಟಲಿಲ್ಲ, ಸುಳ್ಳು ಯಾಕೆ ಹೇಳಲಿ. ನಮ್ಮ ಕಡೆ ಹೆಂಗಸರು ಜೊತೆಗೆ ಕೆಲಸ ಮಾಡುವ ಗಂಡಸರನ್ನು ಮುಟ್ಟಿ ಮಾತಾಡಿಸುವುದಿಲ್ಲ, ದುಡ್ಡು ಕೊಡುವಾಗಲೂ ಮೇಜಿನ ಮೇಲಿಟ್ಟು ಕೊಡುತ್ತೇವೆ.

ಆಮೇಲೆ 'ಬಾ', 'ನಿಲ್ಲು', 'ಅಪಾಯ' ಅನ್ನುವ ಸನ್ನೆಗಳನ್ನು ಕಲಿಸಿದರು. ಕೈ ಮಾತ್ರ ಅಲ್ಲಾಡಿಸಿದರೆ ಸಾಲದು, ಮುಖವೂ ಮಾತಾಡಬೇಕು ಅಂದರು. ನಟರಾಜಣ್ಣ ನಗುನಗುತ್ತ 'ಅಪಾಯ' ಅಂತ ತೋರಿಸಿದ. ನನ್ನ ಸರದಿ ಬಂದಾಗ ಕನ್ನಪ್ಪ ತಡೆಯಲಾರದೆ ಕಿಸಕ್ಕನೆ ನಕ್ಕು ಮೇಡಂಗೆ ಏನೋ ಕೈಯಾಡಿಸಿದ. ಒಂದು ಕೈ ಎದೆ ಮೇಲೆ, ಎರಡೂ ಕಣ್ಣು ತಟ್ಟೆಯ ಹಾಗೆ ಅಗಲ.

"ಇದು ನಿಮ್ಮ ಹೆಸರಂತೆ," ಅಂದರು ಮೇಡಂ ನಗು ತಡೆದು. "ಹೆದರಿದ ಕಣ್ಣು."

ಮಿಲ್ಲೆಲ್ಲ ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಬೇರೆ ಏನೂ ಸಿಗಲಿಲ್ಲವಾ ಇವನಿಗೆ ಅಂತ ಆ ಸಂಜೆಯೆಲ್ಲ ಗೊಣಗಿದೆ.

ಹೊರಡುವ ಮೊದಲು ಮೇಡಂ ಗುಂಡಿ ನೋಡಿ ನಿಂತುಬಿಟ್ಟರು. ಕೂಗಿನ ವಿಷಯ ಕೇಳಿ ಅವರ ಮುಖ ಬಿಳಿಚಿತು. "ಇವರು ಇಳಿದಾಗ ಕರೆಂಟ್ ಬರೋಕೇ ಸಾಧ್ಯ ಇರಬಾರದು," ಅಂದರು. "ಫ್ಯೂಸ್ ಕಿತ್ತು ಅವನ ಕೈಗೇ ಕೊಟ್ರಾಯ್ತು, ಲೈನ್‌ಮ್ಯಾನ್‌ಗಳು ಹಂಗೇ ಮಾಡದು," ಅಂದ ನಟರಾಜಣ್ಣ. ಹಾಗೇ ಅಂತ ಆಯಿತು. ಅಂದಿನಿಂದ ಕನ್ನಪ್ಪ ಇಳಿಯುವಾಗಲೆಲ್ಲ ಫ್ಯೂಸು ಅವನ ಇಸ್ತ್ರಿ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಕಾಲರ್ ಎಳೆಯುವುದೂ ನಿಂತಿತು. ನನ್ನ ಹೆದರಿಕೆ ಸ್ವಲ್ಪ ಇಳಿಯಿತು.

ಆದರೆ ಒಂದು ವಿಷಯ ಮೇಡಂಗೆ ಯಾರೂ ಹೇಳಿರಲಿಲ್ಲ. ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಕಡೆ ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಹಾಗೇ ಬರುತ್ತದೆ. ಅದಕ್ಕೇ ಬೋರ್‌ವೆಲ್ಲಿನ ಮೋಟಾರಿಗೆ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಕೊಂಡಿರುತ್ತಾರೆ. ಕರೆಂಟು ಬಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಟಕ್ ಅಂದು, ಮೋಟಾರು ತಾನೇ ಶುರುವಾಗುತ್ತದೆ. ನಟರಾಜಣ್ಣ ಅಂಥದ್ದೊಂದನ್ನು ತಂದು ಎಲಿವೇಟರಿನ ಮೋಟಾರಿಗೂ ಹಾಕಿದ್ದ. ಓಡಾಟ ತಪ್ಪಿತು ಅಂತ ಮಂಜುನಾಥಪ್ಪನವರು ಬೆನ್ನು ತಟ್ಟಿದ್ದರು.

ಒಂದು ದಿನ ಮಧ್ಯಾಹ್ನ ಎಲಿವೇಟರ್ ಹುಲ್ಲು ಸಿಕ್ಕಿ ಗೊರಗೊರ ಅನ್ನುತ್ತಿದ್ದಾಗಲೇ ಕರೆಂಟು ಹೋಯಿತು. ಎಲ್ಲೋ ಮರ ಬಿದ್ದಿದೆ, ಸಂಜೆವರೆಗೂ ಬರುವುದಿಲ್ಲ ಅಂದರು. "ಒಳ್ಳೇದಾತು, ಈಗ್ಲೇ ಕ್ಲೀನ್ ಮಾಡ್ಲಿ," ಅಂದ ನಟರಾಜಣ್ಣ. ಕನ್ನಪ್ಪ ಫ್ಯೂಸಿಗೆ ಕೈ ಚಾಚಿದ. ನಟರಾಜಣ್ಣ ಆರಿದ ಬಲ್ಬು ತೋರಿಸಿ, ಕೈಯಾಡಿಸಿ, ಕರೆಂಟೇ ಇಲ್ಲ ಅಂತ ತಿಳಿಸಿದ. ಕರೆಂಟೇ ಇಲ್ಲದ ಮೇಲೆ ಫ್ಯೂಸ್ ಯಾರು ಕೀಳುತ್ತಾರೆ? ನನಗೂ ಅದು ತಪ್ಪು ಅನ್ನಿಸಲಿಲ್ಲ, ಕಿಟಕಿಯಲ್ಲಿ ಕೂತು ಇಷ್ಟು ಹೆದರುವ ನನಗೂ. ಕನ್ನಪ್ಪ ತಲೆಗೆ ಟಾರ್ಚು ಕಟ್ಟಿಕೊಂಡು, ಕೈಗೆ ಟವೆಲು ಸುತ್ತಿಕೊಂಡು ಇಳಿದ. ನಟರಾಜಣ್ಣ ಸ್ವಿಚ್ಚುಗಳಿರುವ ಕೋಣೆಗೆ ಬೀಗ ಹಾಕಿ, ಕೀ ಸೊಂಟಕ್ಕೆ ಸಿಕ್ಕಿಸಿ, ರಸ್ತೆಯಾಚೆ ಚಾ ಕುಡಿಯಲು ಹೋದ.

ನಾನು ಚೀಟಿಗಳನ್ನು ಜೋಡಿಸುತ್ತಿದ್ದೆ. ತಲೆಯ ಮೇಲಿನ ಫ್ಯಾನು ನಿಧಾನವಾಗಿ ತಿರುಗತೊಡಗಿತು. ಆಹಾ, ಗಾಳಿ ಬಂತು ಅಂತ ಮುಖ ಎತ್ತಿದೆ. ಫ್ಯಾನು ನೋಡಿದೆ. ಗುಂಡಿಯ ಮೇಲಿನ ಬಲ್ಬು ನೋಡಿದೆ. ಉರಿಯುತ್ತಿತ್ತು.

"ಕನ್ನಪ್ಪಾ!"

ಕಿರುಚಿದವಳು ನಾನೇ. ಕೆರಿಯಕ್ಕನೂ ಕಿರುಚಿದಳು. ಚೀಲ ಹೊರುತ್ತಿದ್ದವರು, ಗಾಡಿಯವರು, ಎಲ್ಲರೂ "ಕನ್ನಪ್ಪಾ, ಬಾರೋ, ಮೇಲ್ ಬಾರೋ" ಅಂತ ಬೊಬ್ಬೆ ಹಾಕಿದರು. ತರಬೇತಿ ತೆಗೆದುಕೊಂಡ ನಾವೆಲ್ಲ, ಕಿವಿ ಕೇಳದವನನ್ನು ಗಂಟಲು ಬಿರಿಯುವಂತೆ ಕೂಗುತ್ತ ನಿಂತಿದ್ದೆವು! ಯಾರೋ ನಟರಾಜಣ್ಣನನ್ನು ಕರೆಯಲು ರಸ್ತೆಗೆ ಓಡಿದರು. ಯಾರೋ ಬೀಗ ಒಡೆಯಲು ಕಲ್ಲು ಹುಡುಕಿದರು.

ಕೆರಿಯಕ್ಕ ಮೆಟ್ಟಿಲ ಹತ್ತಿರವೇ ಇದ್ದವಳು. ಗಂಡಸರನ್ನು ಮುಟ್ಟುವುದಿಲ್ಲ ಅಂದಿದ್ದವಳು ಸೆರಗು ಎಲ್ಲೋ, ತಾನೆಲ್ಲೋ ಅನ್ನುವಂತೆ ಮೆಟ್ಟಿಲ ಮೇಲೆ ಬೋರಲು ಬಿದ್ದು, ಗುಂಡಿಯೊಳಗೆ ಕೈ ಇಳಿಬಿಟ್ಟು ಕನ್ನಪ್ಪನ ಕಾಲರ್ ಹಿಡಿದು ಎಳೆದಳು. ಕನ್ನಪ್ಪ ತಿರುಗಿಯೂ ನೋಡಲಿಲ್ಲ. ಒಂದು ಕೈ ಬಟ್ಟಲುಗಳ ನಡುವೆ ಭುಜದವರೆಗೂ ಇತ್ತು; ಇನ್ನೊಂದರಿಂದ ಅವಳ ಕೈ ಕಿತ್ತೆಸೆದ. ಅವಳು ಮತ್ತೆ ಹಿಡಿದಳು. ಅವನು ಮತ್ತೆ ಕೊಡವಿ, ಬೆನ್ನು ಸೆಟೆಸಿ, ಇನ್ನೂ ಒಳಕ್ಕೆ ಸರಿದ. ಸಾಕು ನಿನ್ನ ತಮಾಷೆ ಅನ್ನುವಂತಿತ್ತು ಅವನ ಬೆನ್ನು.

"ಬರಲ್ಲ ಅಂತಾನೇ, ಸುಷ್ಮಾ, ಬರಲ್ಲ ಅಂತಾನೇ!" ಅಂತ ಕೆರಿಯಕ್ಕ ಅತ್ತಳು.

ನಾನು ಕಿಟಕಿ ಬಿಟ್ಟು ಯಾವಾಗ ಹೊರಬಂದೆನೋ ನನಗೆ ಗೊತ್ತಿಲ್ಲ. ಅವನ ಮುಖ ಇದ್ದದ್ದು ಜಾಲರಿಯ ಕಡೆಗೆ. ಬೆಳಕಿಗೆ ಅಡ್ಡ ಬನ್ನಿ ಅಂದಿದ್ದರು ಮೇಡಂ. ಜಾಲರಿಯ ಮೇಲೆ ನಾನು ಹಿಂದೆ ಕಾಲಿಟ್ಟವಳೂ ಅಲ್ಲ, ಮುರಿದು ಒಳಗೆ ಬಿದ್ದರೆ ಅಂತ ಸುತ್ತಿ ಹೋಗುತ್ತಿದ್ದವಳು. ಅದರ ಮೇಲೆ ಮಕಾಡೆ ಬಿದ್ದುಕೊಂಡೆ. ಕಬ್ಬಿಣ ಕೆನ್ನೆಗೆ ಒತ್ತಿತು. ಕೆಳಗೆ ಗುಂಡಿ ಕತ್ತಲಾಯಿತು.

ಕನ್ನಪ್ಪ ತಲೆ ಎತ್ತಿದ. ಅವನ ಟಾರ್ಚಿನ ಬೆಳಕು ಸೀದಾ ನನ್ನ ಮುಖಕ್ಕೆ ಹೊಡೆಯಿತು.

ಕಲಿತ ಸನ್ನೆ ಒಂದೂ ನೆನಪಾಗಲಿಲ್ಲ. ನೆನಪಾಗಿದ್ದರೂ ಕೈಗಳು ಮೈಯಡಿ ಸಿಕ್ಕಿಕೊಂಡಿದ್ದವು, ಎತ್ತಲು ಬರಲಿಲ್ಲ. ಇದ್ದದ್ದು ಮುಖ ಒಂದೇ. ಅದರ ಮೇಲೆ ಏನು ಇತ್ತೋ ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಕನ್ನಪ್ಪ ನೋಡಿದ. ಅವನ ಕಣ್ಣೂ ನನ್ನ ಕಣ್ಣಿನಷ್ಟೇ ಅಗಲವಾಯಿತು. ಸರಕ್ಕನೆ ಕೈ ಕಿತ್ತು ಹಿಂದಕ್ಕೆ ಬಿದ್ದ.

ಟಕ್ ಅಂತು.

ಬೆಲ್ಟು ತಿರುಗಿತು. ಅವನ ಕೈಯಿಂದ ಜಾರಿ ಒಳಗೇ ಉಳಿದ ಟವೆಲು ಬಟ್ಟಲಿಗೆ ಸಿಕ್ಕಿ, ನನ್ನ ಕಣ್ಣೆದುರೇ ಹರಿದು, ಚೂರುಚೂರಾಗಿ ಮೇಲೆ ಹೋಯಿತು. ಜಾಲರಿ ನನ್ನ ಹೊಟ್ಟೆಯ ಕೆಳಗೆ ನಡುಗುತ್ತಿತ್ತು. ಕನ್ನಪ್ಪ ಎದುರು ಗೋಡೆಗೆ ಒತ್ತಿಕೊಂಡು, ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಮೆಷಿನ್ ನಿಲ್ಲುವ ತನಕ ನನ್ನ ಮುಖದಿಂದ ಅವನು ಕಣ್ಣು ತೆಗೆಯಲಿಲ್ಲ.

ನಟರಾಜಣ್ಣ ಓಡಿ ಬಂದು ಮೇನ್ ಸ್ವಿಚ್ಚು ಆರಿಸಿದ. ಹರಿದ ಟವೆಲಿನ ತುಂಡು ಕೈಗೆತ್ತಿಕೊಂಡು ಅಲ್ಲೇ ಕುಸಿದು ಕೂತ. "ನನ್ ತಮಾಷೆನೇ ಅವನ್ನ ತಿಂತಿತ್ತು," ಅಂದ. ಆ ಸಂಜೆಯೇ ಆಟೋ ಸ್ಟಾರ್ಟರನ್ನು ಅವನೇ ಬಿಚ್ಚಿ ತೆಗೆದ.

ಕನ್ನಪ್ಪ ಊರಿಗೆ ಹೋದವನು ಬರಲಿಲ್ಲ. ಬರುವುದು ಬೇಡ ಅಂತಲೇ ಮಂಜುನಾಥಪ್ಪನವರ ಮನಸ್ಸು. "ಏನಾದ್ರೂ ಆಗಿದ್ರೆ ಅವ್ರ ಅವ್ವಂಗೆ ನಾ ಯಾವ ಮುಖ ತೋರಿಸ್ಲಿ? ನಂಗ್ ಇನ್ ಧೈರ್ಯ ಇಲ್ಲ," ಅಂದರು. ಅದೂ ನಿಜವೇ. ಒಂದು ದಿನ ವಂದನಾ ಮೇಡಂ ವಿಡಿಯೋ ಕಾಲ್ ಮಾಡಿದರು. ಪಕ್ಕದಲ್ಲಿ ಕನ್ನಪ್ಪ, ಅದೇ ಇಸ್ತ್ರಿ ಅಂಗಿ. ಅವನು ಕೈಯಾಡಿಸಿದ, ಮೇಡಂ ಹೇಳಿದರು.

"ಕೆಲಸ ಬಿಡಲ್ಲ ಅಂತಿದ್ದಾರೆ. ಗುಂಡಿಗೂ ಇಳೀತಾರಂತೆ. ಆದರೆ ಫ್ಯೂಸ್ ಇಟ್ಕೊಂಡು ಜಾಲರಿ ಹತ್ರ ಒಬ್ಬರು ನಿಂತಿರಬೇಕಂತೆ."

"ಅದಕ್ಕೆಂತ, ನಟರಾಜ ನಿಲ್ತಾನೆ," ಅಂದರು ಮಂಜುನಾಥಪ್ಪನವರು.

ಕನ್ನಪ್ಪ ತಲೆ ಅಲ್ಲಾಡಿಸಿದ. ಒಂದು ಕೈ ಎದೆ ಮೇಲಿಟ್ಟು, ಕಣ್ಣು ಅಗಲ ಮಾಡಿದ.

"ಅಯ್ಯಯ್ಯೋ, ನಾನಲ್ಲ!" ಅಂತ ಹಿಂದೆ ಸರಿದೆ. "ಮೇಡಂ, ಅವನಿಗೆ ಹೇಳಿ. ನನಗೆ ಹೆದರಿಕೆ ಆಗತ್ತೆ. ಆವತ್ತಿಂದ ನನಗೆ ಊಟ ಸೇರ್ತಿಲ್ಲ, ಆ ಟಕ್ ಅನ್ನೋ ಸದ್ದು ಕಿವಿಯಿಂದ ಹೋಗ್ತಿಲ್ಲ. ಬೇರೆ ಯಾರನ್ನಾದ್ರೂ ನಿಲ್ಲಿಸ್ಲಿ."

ಮೇಡಂ ಅದನ್ನು ಕೈಯಲ್ಲಿ ಹೇಳಿದರು. ಕನ್ನಪ್ಪ ನಗದೆ, ನಿಧಾನವಾಗಿ, ನನ್ನನ್ನೇ ನೋಡುತ್ತ ಉತ್ತರ ಕೊಟ್ಟ.

"ಉಳಿದವರಿಗೆ ಸ್ವಲ್ಪ ದಿನ ಆದ್ಮೇಲೆ ಮರೆತುಹೋಗತ್ತಂತೆ," ಅಂದರು ಮೇಡಂ. "ನೀವು ಹೆದರ್ತೀರಿ, ಅದಕ್ಕೆ ನಿಮಗೆ ಮರೆಯಲ್ಲ. ಅದಕ್ಕೇ ನೀವೇ ಬೇಕಂತೆ."

ಈಗ ಕನ್ನಪ್ಪ ಊಟಕ್ಕೆ ನಮ್ಮ ಸಾಲಿನಲ್ಲೇ ಕೂರುತ್ತಾನೆ, ಮೆಷಿನ್ನಿಗೆ ಬೆನ್ನು ಹಾಕಿ, ನನ್ನ ಎದುರಿಗೆ. ಗೋಡೆಗೆ ಬೆನ್ನು ಕೊಟ್ಟು ಕೂರುವವಳು ನಾನು. ಅವನು ಗುಂಡಿಗೆ ಇಳಿದಾಗಲೆಲ್ಲ ಫ್ಯೂಸನ್ನು ಮುಷ್ಟಿಯಲ್ಲಿ ಹಿಡಿದು ಜಾಲರಿಯ ಪಕ್ಕ ಕೂರುತ್ತೇನೆ. ಫ್ಯೂಸು ನನ್ನ ಕೈಯಲ್ಲೇ ಇದೆ, ಬೆಲ್ಟು ತಿರುಗುವ ಹಾಗೇ ಇಲ್ಲ, ಎಲ್ಲಾ ಗೊತ್ತು. ಆದರೂ ಅಂಗೈ ಬೆವರಿ ಫ್ಯೂಸು ಒದ್ದೆಯಾಗುತ್ತದೆ. ಕೆಳಗೆ ಕನ್ನಪ್ಪ ಭುಜದವರೆಗೂ ಕೈ ಹಾಕಿ ಹುಲ್ಲು ಎಳೆಯುತ್ತಿರುತ್ತಾನೆ. ಅವನು ಒಮ್ಮೆಯೂ ತಲೆ ಎತ್ತಿ ನೋಡುವುದಿಲ್ಲ.